ಹಿತ್ತಾಳೆಯಕ್ಕನ ತಂತಿ

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಉಪಕರಣ ತಿಕ್ಕಿ ಒರೆಸುತ್ತ ಬಂದವಳಿಗೆ ಹಿತ್ತಾಳೆಯಕ್ಕ ಎಂದು ಹೆಸರಿಟ್ಟವರು ವಿದ್ಯಾರ್ಥಿಗಳು. ಮನೆಯಲ್ಲಿ ಐದು ಜನರ ಪಾತ್ರೆ ತಿಕ್ಕಿ, ಅತ್ತೆಗೆ ಗುಳಿಗೆ ಕೊಟ್ಟು, ಗಂಡನ ಅಂಗಿಗೆ ಇಸ್ತ್ರಿ ಹಾಕಿ ಬಂದು ಇಲ್ಲಿ ಮತ್ತೆ ತಿಕ್ಕುತ್ತಿದ್ದಳು. ಮನೆಯದನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ. ಇಲ್ಲಿಯದಕ್ಕೆ ಬುದ್ಧಿ ಬೇಕೆಂದು ಯಾರಿಗೂ ತೋಚಿರಲಿಲ್ಲ.

ಅವಳ ವಶದಲ್ಲಿದ್ದ ಅತಿ ಹಳೆಯ ಉಪಕರಣ, ವಿದ್ಯುತ್ ಕೂಡಿಡುವ ಗೋಳಾಕಾರದ ಕೆಪಾಸಿಟರ್. ಹಿತ್ತಾಳೆಯ ಟೊಳ್ಳು ಗೋಳ, ಅದರ ನಟ್ಟನಡುವೆ ಚಿಕ್ಕದೊಂದು ಗೋಳ, ಅದರಿಂದ ಹೊರಕ್ಕೆ ಚಾಚಿದ ಕಡ್ಡಿ, ಎರಡು ಗೋಳಗಳ ಮಧ್ಯೆ ಮೇಣ. ಪ್ರಯೋಗ ಮುಗಿದ ಮೇಲೆ ಎರಡಕ್ಕೂ ತಂತಿ ತಾಗಿಸಿ ಖಾಲಿ ಮಾಡುವುದು ಎಲ್ಲರಿಗೂ ಗೊತ್ತು. ಅವಳು ಮಾತ್ರ ತಂತಿಯನ್ನು ಮರುದಿನದವರೆಗೆ ಹಾಗೇ ಕಟ್ಟಿಡುತ್ತಿದ್ದಳು. ಮೊದಲ ವರ್ಷವೇ, ಖಾಲಿ ಮಾಡಿಟ್ಟ ಗೋಳ ಸ್ವಲ್ಪ ಹೊತ್ತಿನ ಮೇಲೆ ಅವಳ ಬೆರಳಿಗೆ ಚುರುಕ್ಕೆನಿಸಿತ್ತು.

ತಪಾಸಣೆಯ ದಿನ ಹೊಸ ಮೇಷ್ಟ್ರಿಗೆ ಆ ತಂತಿ ಅಂದಗೇಡಾಗಿ ಕಂಡಿತು. ಬೆಳಗಿನ ಪ್ರಯೋಗ ಮುಗಿದೊಡನೆ ಅವಳು ಕಟ್ಟಿಹೋದದ್ದನ್ನು ಆಗಲೇ ಬಿಚ್ಚಿಟ್ಟರು. ಅರ್ಧ ಗಂಟೆಯ ಬಳಿಕ ಅತಿಥಿಗಳೆದುರು ಗೋಳವನ್ನೆತ್ತಿ, ಶಾಕ್ ಹೊಡೆದು, ಕೈಬಿಟ್ಟರು. ಗೋಳ ನೆಗ್ಗಿತು. ಮರುದಿನ ಅವಳ ಮುಂದೆ ಟೈಪಾದ ಪತ್ರ: 'ಖಾಲಿ ಮಾಡದೆ ಇಟ್ಟದ್ದು ನನ್ನ ತಪ್ಪು.' ಸಹಿ ಹಾಕಿದರೆ ಮುಂದಿನ ತಿಂಗಳು ಬರಬೇಕಿದ್ದ ಬಡ್ತಿಗೆ ಎಳ್ಳುನೀರು.

"ಒಂದು ಸಹಿ ತಾನೇ, ಹಾಕಿ ಬಿಸಾಕು," ಎಂದ ಗಂಡ, ಅವಳು ಬಡಿಸಿದ್ದನ್ನು ಉಣ್ಣುತ್ತ. "ಬಡ್ತಿ ಸಿಕ್ರೆ ಇನ್ನೂ ತಡವಾಗಿ ಬರ್ತೀಯ. ಮನೆ ನೋಡೋರು ಯಾರು?"

"ಯಾಕೆ, ನಿಮ್ಮ ಕಣ್ಣಿಗೇನಾಗಿದೆ?"

ಮರುದಿನ ಅವಳು ನೆಗ್ಗಿದ ಗೋಳವನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟಳು. ಮೇಷ್ಟ್ರೂ ಅಲ್ಲೇ ಇದ್ದರು. ಇಬ್ಬರೆದುರೇ ವಿದ್ಯುತ್ ತುಂಬಿಸಿದಳು, ತಂತಿ ತಾಗಿಸಿದಳು. ಚಟ್ ಎಂದು ಕಿಡಿ.

"ಖಾಲಿ ಆಯ್ತಲ್ಲ, ಮೇಷ್ಟ್ರೇ?"

"ಪೂರ್ತಿ ಖಾಲಿ. ಇದನ್ನೇ ನೀನು ಆವತ್ತು ಮಾಡ್ಲಿಲ್ಲ."

"ಹಾಗಾದ್ರೆ ಹತ್ತು ನಿಮಿಷ ಕೂತ್ಕೊಳ್ಳಿ."

ಗಡಿಯಾರದ ಮುಳ್ಳು ಹತ್ತು ನಿಮಿಷ ಸರಿಯಿತು. "ಈಗ ಮುಟ್ಟಿ," ಎಂದಳು. ಮೇಷ್ಟ್ರ ಕೈಗಳು ಬೆನ್ನ ಹಿಂದೆ ಸೇರಿದವು. ಅವಳು ತಂತಿ ತಾಗಿಸಿದಳು. ಮತ್ತೆ ಚಟ್!

"ಶಕ್ತಿ ಇರೋದು ಗೋಳದಲ್ಲಲ್ಲ, ನಡುವಿನ ಜಾಗದಲ್ಲಿ ಅಂತ ನೀವೇ ಪಾಠ ಮಾಡ್ತೀರಿ. ಆ ಜಾಗದಲ್ಲಿರೋದು ಮೇಣ. ನುಂಗಿದ್ದನ್ನ ಅದು ಒಂದೇ ಸಲಕ್ಕೆ ಉಗುಳಲ್ಲ. ಅದಕ್ಕೇ ತಂತಿ ಕಟ್ಟಿದ್ದೆ. ಬಿಚ್ಚಿದ್ದು ನೀವು."

ಪ್ರಾಂಶುಪಾಲರು ನಕ್ಕರು. "ಭೇಷ್! ಹೋಗ್ಲಿ ಬಿಡಮ್ಮ, ಪತ್ರ ಹರಿದು ಹಾಕ್ತೀನಿ. ಇಲ್ಲಿಗೆ ಮುಗೀತು."

ಎಷ್ಟು ಸಲೀಸಾಗಿ ಮುಗಿಯುತ್ತದೆ ಇವರಿಗೆ! ಅವಳು ಕದಲಲಿಲ್ಲ.

"ತಪ್ಪು ನನ್ನದು ಅಂದಾಗ ಟೈಪ್ ಆಗಿತ್ತು ಸರ್. ಅವರದು ಅಂದ ತಕ್ಷಣ ಬಾಯಿಮಾತಿಗೆ ಬಂತಾ? ಬರೀರಿ. ತಂತಿ ಕಟ್ಟಿದೋರು ಯಾರು, ಬಿಚ್ಚಿದೋರು ಯಾರು, ಎರಡೂ."

ಮೇಷ್ಟ್ರು ಕಿಟಕಿಯತ್ತ ತಿರುಗಿದರು. ಪ್ರಾಂಶುಪಾಲರು ಬರೆದು, ಸಹಿ ಹಾಕಿ, ಕಾಗದವನ್ನು ಗುಮಾಸ್ತರಿಗೆ ಕೊಡಲು ಗಂಟೆ ಒತ್ತಹೋದರು.

"ಬೇಡ ಸರ್," ಎಂದು ಅವಳು ಕೈಚಾಚಿದಳು. "ನನ್ನ ಬಡ್ತಿ ಕಡತಕ್ಕೆ ನಾನೇ ಸೇರಿಸಿ ಬರ್ತೀನಿ."