ಅಮ್ಮನ ಎಲೆಯಲ್ಲಿ ನೆನೆದ ಅನ್ನ

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಪುತ್ತೂರಿನಲ್ಲಿ ಪಾಠ ಮಾಡುತ್ತಿದ್ದವನು ನಾನು. ಭೂತ ಪ್ರೇತದ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಈಗಲೂ ನಂಬಿಕೆ ಬಂದಿದೆ ಎನ್ನಲಾರೆ.

ಎಪ್ಪತ್ತರ ದಶಕದ ಕೊನೆಗೆ ತಂಗಿ ಕಮಲಳಿಗೆ ಒಣಕೆಮ್ಮು, ಏದುಸಿರು ಶುರುವಾಯಿತು. ಎಕ್ಸ್‌ರೇ ನೋಡಿ ಕ್ಷಯ ಎಂದರು. ಇಚಿಲಂಪಾಡಿಯ ಗಂಡನ ಮನೆಯವರು ಹಾಲು ಕುಡಿಯುವ ಮಗಳನ್ನು ಇಟ್ಟುಕೊಂಡು ಅವಳನ್ನು ಬೆಳ್ಳಾರೆಯ ನಮ್ಮ ಮನೆಗೆ ಕಳುಹಿಸಿದರು. "ಮಗುವನ್ನು ಬಿಟ್ಟು ಹೋಗುದು, ಒಂದು ಹನಿ ಕಣ್ಣೀರಿಲ್ಲ. ಇವಳು ಎಂತ ತಾಯಿ?" ಎಂದರಂತೆ ಅವಳ ಅತ್ತೆ. ನಮ್ಮಲ್ಲೂ ಅವಳಿಗೆ ಜಗಲಿಯಲ್ಲೇ ಊಟ, ಬೇರೆ ಬಟ್ಟಲು. ಗಂಟಲಲ್ಲಿ ಇಳಿಯುವುದಿಲ್ಲವೆಂದು ಅನ್ನಕ್ಕೆ ನೀರು ಸುರಿದುಕೊಂಡು ಉಣ್ಣುತ್ತಿದ್ದಳು. ಮಾತ್ರೆಗಳಿಂದ ಏನೂ ಗುಣ ಕಾಣಲಿಲ್ಲ.

ಆ ವರ್ಷದ ಮಳೆಗಾಲ, ಆಟಿ ತಿಂಗಳಲ್ಲಿ ಒಂದು ಮುಸ್ಸಂಜೆ ತೀರಿಹೋದವರಿಗೆ ಅಗೆಲು ಬಡಿಸಿದೆವು. ಒಳಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ, ಅನ್ನ, ಕೋಳಿಸಾರು, ಲೋಟದಲ್ಲಿ ನೀರು. ಅವರನ್ನು ಊಟಕ್ಕೆ ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು ಕ್ರಮ. ನಾನು ಆ ಬಾಗಿಲಿಗೇ ಒರಗಿ ನಿಂತಿದ್ದೆ. ತೆರೆದಾಗ ಉಳಿದ ಎಲೆಗಳು ಇಟ್ಟ ಹಾಗೇ ಇದ್ದವು. ಅಮ್ಮನ ಎಲೆಯಲ್ಲಿ ಮಾತ್ರ ಅನ್ನ ನೀರಲ್ಲಿ ನೆನೆದಿತ್ತು. ಲೋಟ ಬರಿದಾಗಿ ನೆಟ್ಟಗೆ ನಿಂತಿತ್ತು.

"ಎಂತ ಹಾಗೆ ನೋಡುದು?" ಎಂದರು ದೊಡ್ಡಪ್ಪ. "ನಿನ್ನ ಅಮ್ಮ ಉಣ್ತಾ ಇದ್ದದ್ದೇ ಹಾಗೆ. ನಿನಗೆ ನೆನಪಿರ್ಲಿಕ್ಕಿಲ್ಲ." ನನಗಿರಲಿಲ್ಲ. ನಾನು ನಾಲ್ಕು ವರ್ಷದವನಿದ್ದಾಗ, ಕಮಲ ತೊಟ್ಟಿಲಲ್ಲಿದ್ದಾಗ, ಅಮ್ಮ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದಳು.

ಕೆಲವು ವರ್ಷಗಳ ನಂತರ ಮಂಗಳೂರಿನ ವೈದ್ಯರೊಬ್ಬರು ಕಮಲಳ ಒಣಗಿದ ಕಣ್ಣು, ಬಾಯಿ ನೋಡಿ, "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಉಂಟಾ?" ಎಂದು ಕೇಳಿದರು. ಅಮ್ಮನಿಗೆ ಇತ್ತು, ಅನ್ನಕ್ಕೆ ನೀರು ಹಾಕದೆ ಉಣ್ಣುತ್ತಿರಲಿಲ್ಲ ಎಂದೆ. ಅವರು ಶ್ವಾಸಕೋಶದ ಚೂರೊಂದನ್ನು ತೆಗೆಸಿ ಪರೀಕ್ಷಿಸಿದರು. ಕ್ಷಯವಲ್ಲ, ಕ್ಯಾನ್ಸರೂ ಅಲ್ಲ. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಮೈಯ ಮೇಲೆ ತಿರುಗಿಬಿದ್ದು, ಕಣ್ಣು ಬಾಯಿ ಒಣಗಿಸಿ, ಶ್ವಾಸಕೋಶದಲ್ಲಿ ಗುಂಪುಗಟ್ಟಿದ್ದವು. ಬಹಳ ಅಪರೂಪದ್ದು, ಯಾರಿಗೂ ಅಂಟದ್ದು, ಸೌಮ್ಯ ಸ್ವಭಾವದ ಕಾಯಿಲೆ ಎಂದರು. 'ಸೌಮ್ಯ' ಎಂಬ ಆ ವಿಶೇಷಣ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಮಗಳನ್ನು ವಾಪಸ್ ಕೇಳಲು ಕಮಲಳೂ ನಾನೂ ಇಚಿಲಂಪಾಡಿಗೆ ಹೋದೆವು. ಗಂಡ ಇನ್ನೊಂದು ಮದುವೆಯಾಗಿದ್ದ. ಮಗು ಆ ಹೆಂಗಸಿನ ಸೆರಗು ಬಿಡಲಿಲ್ಲ. "ಅಂಟುದಿಲ್ಲ ಅಂತ ಆಗ ಯಾರಿಗೆ ಗೊತ್ತು ಮಾರಾಯ್ರೆ? ಕಾಫಿ ಕುಡಿದು ಹೋಗಿ" ಎಂದರು ಅತ್ತೆ. ನನಗೆ ಲೋಟದಲ್ಲಿ ಬಂತು. ಕಮಲಳಿಗೆ ತೆಂಗಿನ ಚಿಪ್ಪಿನ ಗೆರಟೆಯಲ್ಲಿ.

ಮನೆಗೆ ಬಂದು, ಅಗೆಲಿನ ಆ ಎಲೆಯಿಂದಾಗಿ ಕಾಯಿಲೆ ಗೊತ್ತಾಯಿತು ಎಂದು ದೊಡ್ಡಪ್ಪನಿಗೆ ಹೇಳಿದೆ. ಅವರು ನನ್ನನ್ನೇ ನೋಡಿದರು. "ಯಾವ ಅಗೆಲು? ಆ ವರ್ಷ ಆಟಿಯಲ್ಲಿ ನಮಗೆ ಸೂತಕ, ಬಡಿಸಿಯೇ ಇಲ್ಲ. ನಿನ್ನ ಅಮ್ಮ ನೀರು ಹಾಕಿ ಉಂಡದ್ದು ನಾನಂತೂ ಕಾಣಲಿಲ್ಲ."

ಹಾಗಾದರೆ ನಾನು ವೈದ್ಯರಿಗೆ ಹೇಳಿದ್ದು ಎಲ್ಲಿಂದ ಬಂತು? ಬೆನ್ನಿಗೆ ಒತ್ತಿದ ಬಾಗಿಲ ಹಲಗೆ ಸಹ ನೆನಪಿದೆ. ದೊಡ್ಡಪ್ಪ ಮರೆತರೋ, ನಾನೇ ಕಟ್ಟಿಕೊಂಡೆನೋ, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಕಡೆಗೆ ಕಮಲಳನ್ನೇ ಕೇಳಿದೆ.

"ಬಡಿಸಿದ್ರೋ ಇಲ್ವೋ ನನಗೆ ಹೇಗೆ ಗೊತ್ತು ಅಣ್ಣ?" ಎಂದಳು. "ಒಳಗೆ ಬರ್ಲಿಕ್ಕೆ ನನ್ನನ್ನು ಯಾರು ಬಿಟ್ಟಿದ್ರು?"