ತವರಿಗೆ ಹೋದ ಹೆಸರುಗಳು

ಚಿನ್ನು, ಪುಟ್ಟಿ, ಇದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ಇದರಲ್ಲಿ ನೀವಿಬ್ಬರೂ ಇದ್ದೀರಿ.

ಕೊರೋನಾ ಮುಗಿದ ಮರುವರ್ಷದ ಮಾತು. ನಾನಾಗ ಗೋಣಿಬೀಡಿನ ಕಡೆಯ ಒಂದು ಅಂಗನವಾಡಿಯಲ್ಲಿ ಕಾರ್ಯಕರ್ತೆ. ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳ ಸಾಲಿನಲ್ಲಿ ಕೊನೆಯ ಎರಡು ಕೋಣೆಗಳೇ ನಮ್ಮ ಕೇಂದ್ರ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನ್ನನ್ನು ಮನೆಯಿಂದ ಹೊರಗೆ ಕರೆತಂದದ್ದು ಆ ಕೆಲಸ. ಮಕ್ಕಳೆದುರು ಹಾಡುತ್ತಿದ್ದೆ, ಕುಣಿಯುತ್ತಿದ್ದೆ. ದೊಡ್ಡವರ ಸಭೆಯಲ್ಲಿ ಮಾತ್ರ ಬಾಯಿ ಒಣಗುತ್ತಿತ್ತು.

ಕಾಫಿ ಹಣ್ಣಿನ ಕೊಯ್ಲು ಶುರುವಾದ ವಾರ ಸೂಪರ್‌ವೈಸರ್ ಮೇಡಂ ಒಂದು ಹಾಳೆ ಹಿಡಿದು ಬಂದರು. ಊರೂರಿನ ಜನನದ ಲೆಕ್ಕವದು, ಪಂಚಾಯಿತಿ ಗೋಡೆಯ ಮೇಲೂ ಅಂಟಿಸಿದ್ದರು. ಮೂರು ವರ್ಷದಲ್ಲಿ ನಮ್ಮೂರಲ್ಲಿ ಹುಟ್ಟಿದವರು ಒಂಬತ್ತು ಮಕ್ಕಳು.

"ನಿಮ್ಮ ತಿಂಗಳ ವರದಿಯೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತೆ. ಇಷ್ಟು ಕಡಿಮೆ ಮಕ್ಕಳಿಗೆ ಬೇರೆ ಕೇಂದ್ರ ಯಾಕೆ ಅಂತ ಮೇಲಿನವರು ಕೇಳ್ತಿದ್ದಾರೆ. ಹಳ್ಳದಾಚೆಯ ಕೇಂದ್ರಕ್ಕೆ ಸೇರಿಸ್ತಾರೆ" ಅಂದರು.

ಹಳ್ಳದಾಚೆ ಎಂದರೆ ಮರದ ದಿಮ್ಮಿಯ ಕಾಲುಸಂಕ ದಾಟಬೇಕು. ಮೂರು ವರ್ಷದ ಮಕ್ಕಳನ್ನು ಅಲ್ಲಿಗೆ ಯಾರು ಬಿಟ್ಟು ಬರುತ್ತಾರೆ? ತಾಯಂದಿರು ಬೆಳಿಗ್ಗೆಯೇ ತೋಟಕ್ಕೆ ಹೋಗುವವರು. ಮಕ್ಕಳು ಅವರ ಜೊತೆ ಕಾಫಿ ಗಿಡದ ಬುಡದಲ್ಲಿ, ಇರುವೆ ಹಾವುಗಳ ನಡುವೆ ದಿನ ಕಳೆಯಬೇಕಾಗುತ್ತಿತ್ತು.

ಮಗುವನ್ನು ಬಿಡಲು ಬಂದಿದ್ದ ಕಮಲಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. "ಹಂಗಾರೆ ನನ್ ಮಗ ಹುಟ್ಟೇ ಇಲ್ವಾ ಮೇಡಂ? ಮತ್ತೆ ದಿನಾ ಬೆಳಿಗ್ಗೆ ನನ್ ಕೈಲಿ ಬೈಸ್ಕೊಳ್ಳೋದು ಯಾರು?" ಅಂದಳು. ಮೇಡಂ ನಕ್ಕರು. ನಾನು ತಲೆ ತಗ್ಗಿಸಿ ಮಕ್ಕಳ ತಟ್ಟೆ ಜೋಡಿಸತೊಡಗಿದೆ.

ಮಧ್ಯಾಹ್ನ ಮಕ್ಕಳು ಮಲಗಿದಾಗ ಬೆರಳು ಮಡಚಿ ಎಣಿಸತೊಡಗಿದೆ. ಈ ಮೂರು ವರ್ಷದಲ್ಲಿ ನಮ್ಮೂರ ಆಸ್ಪತ್ರೆಯಲ್ಲಿ ಹುಟ್ಟಿದವರು ಯಾರು? ಮೊದಲು ನೆನಪಾದವರು ನೀವಿಬ್ಬರು. ನಿಮ್ಮಮ್ಮ ಎರಡು ಬಾಣಂತನಕ್ಕೂ ನನ್ನ ಹತ್ತಿರವೇ ಬಂದಿದ್ದಳಲ್ಲ. ಆದರೆ ನಿಮ್ಮ ಮನೆ ಇರುವುದು ಬಾಳೆಹೊನ್ನೂರಿನಲ್ಲಿ. ಕಮಲಿಯ ಮಗ ಹುಟ್ಟಿದ್ದು ಅವಳ ತವರು ಕಳಸದಲ್ಲಿ, ಆದರೆ ಅವನು ಗೊರಕೆ ಹೊಡೆಯುತ್ತಿದ್ದುದು ನನ್ನ ಮುಂದೆ!

ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ಓಡಿದವಳೇ ಆರೋಗ್ಯ ಉಪಕೇಂದ್ರದ ನರ್ಸ್ ಜುಲೇಖಾಳನ್ನು ಕೇಳಿದೆ. "ಹೌದಕ್ಕ, ಹೆರಿಗೆ ಎಲ್ಲಾಗುತ್ತೋ ಜನನ ಅಲ್ಲೇ ದಾಖಲಾಗೋದು. ಯಾವ ಮನೇಲಿ ಬೆಳೀತಿದೆ ಅಂತ ಆ ಹಾಳೆ ಹೇಳಲ್ಲ. ಅದಕ್ಕೆ ನನ್ನ ಲಸಿಕೆ ಪುಸ್ತಕ ನೋಡಬೇಕು" ಅಂದಳು.

ಹಾಗಾದರೆ ನನ್ನ ವರದಿಯಲ್ಲೂ ಯಾಕೆ ಕಡಿಮೆ? ವಾಪಸು ಬಂದು ರಿಜಿಸ್ಟರ್ ತೆರೆದಾಗ ಉತ್ತರ ಸಿಕ್ಕಿತು. ಬಸುರಿ ತವರಿಗೆ ಹೊರಟ ದಿನವೇ ನಾನು ಅವಳ ಹೆಸರಿಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆಯುತ್ತಿದ್ದೆ. ಐದು ತಿಂಗಳಿಗೆ ಕೂಸಿನೊಂದಿಗೆ ಮರಳಿದಾಗ ಕೊನೆಯ ಪುಟದಲ್ಲಿ 'ಹೊಸದಾಗಿ ಬಂದವರು' ಎಂದು ಬರೆಯುತ್ತಿದ್ದೆ. ಆ ಪುಟವನ್ನು ವರದಿಗೆ ಕೂಡಿಸಬೇಕೆಂದು ನನಗೆ ತೋಚಿರಲೇ ಇಲ್ಲ. ಅಷ್ಟು ಅಂದವಾದ ರಿಜಿಸ್ಟರ್ ಎಂದು ಎಲ್ಲರೂ ಹೊಗಳಿದ್ದರು ಬೇರೆ.

ಭಾನುವಾರ ಜುಲೇಖಾಳ ಪುಸ್ತಕ ಹಿಡಿದು ಇಬ್ಬರೂ ಮನೆಮನೆಗೆ ಹೋದೆವು. ಪ್ರತಿ ಮಗುವಿನ ಮುಂದೆ ಎರಡು ಮಾತು ಬರೆದೆವು: ಎಲ್ಲಿ ಹುಟ್ಟಿದ್ದು, ಈಗ ಎಲ್ಲಿರುವುದು. ಕಮಲಿ ಮುಂದೆ ಮುಂದೆ ಹೋಗಿ, "ಹುಟ್ಟಿದ ಮಕ್ಕಳನ್ನೆಲ್ಲ ಹೊರಗೆ ತನ್ನಿ, ಸರ್ಕಾರಕ್ಕೆ ತೋರಿಸ್ಬೇಕಂತೆ!" ಎಂದು ಕೂಗುತ್ತಿದ್ದಳು. ಸಂಜೆಗೆ ಇಪ್ಪತ್ಮೂರು ಮಕ್ಕಳಾದರು.

ಮೇಡಂಗೆ ಪಟ್ಟಿಯ ಜೊತೆ ಕೆಂಪು ಗೆರೆಗಳನ್ನೂ ತೋರಿಸಿದೆ. ಅವರು ತಾವೇ ನಾಲ್ಕು ಮನೆ ಹೊಕ್ಕು ತಾಳೆ ನೋಡಿ ಬಂದರು. "ಇದನ್ನ ಮೀಟಿಂಗಲ್ಲಿ ನೀವೇ ಹೇಳ್ಬೇಕು. ನಾ ಹೇಳಿದ್ರೆ ಬರೀ ನಂಬರ್ ಆಗುತ್ತೆ" ಅಂದರು.

ಮೂಡಿಗೆರೆಯ ಮೇಲಧಿಕಾರಿಗಳ ಆ ಸಭೆಯಲ್ಲಿ ನನ್ನ ಸೀರೆಯ ಸೆರಗು ಬೆವರಿಗೆ ಒದ್ದೆಯಾಗಿತ್ತು. ಕೆಲಸ ಹೋಗಬಹುದೆಂಬ ಭಯವೂ ಇತ್ತು. ಆದರೂ ಎದ್ದು ನಿಂತೆ. "ಹಾಳೆ ಸುಳ್ಳಲ್ಲ ಸಾರ್. ಅದರಲ್ಲಿರೋ ಇಬ್ಬರು ನನ್ನ ಮೊಮ್ಮಕ್ಕಳೇ, ಅವರು ಇರೋದು ಬೇರೆ ಊರಲ್ಲಿ. ನಮ್ಮ ಮಕ್ಕಳು ಬೇರೆ ಊರಿನ ಹಾಳೇಲಿದ್ದಾರೆ. ವರದಿಯ ತಪ್ಪು ನನ್ನದು" ಅಂದೆ. ಕೆಂಪು ಗೆರೆ ಎಳೆದ ಹೆಸರುಗಳ ಪುಟ ತೆರೆದು ಅವರ ಮುಂದಿಟ್ಟೆ. ಪಕ್ಕದ ಕೇಂದ್ರದ ಒಬ್ಬಾಕೆ ಎದ್ದು, "ತವರಿಗೆ ಹೋದೋರ ಹೆಸರನ್ನ ನಾನೂ ಹಂಗೇ ಹೊಡೆದು ಹಾಕ್ತೀನಿ ಸಾರ್" ಅಂದಳು. ಆಮೇಲೆ ಇನ್ನೊಬ್ಬಳು.

ನಮ್ಮ ಕೇಂದ್ರ ಉಳಿಯಿತು. ನನ್ನ ಕೆಲಸವೂ ಉಳಿಯಿತು. ತಪ್ಪು ಒಪ್ಪಿಕೊಂಡವಳನ್ನು ಬಯ್ಯದೆ ನಿಲ್ಲಿಸಿ ಮಾತಾಡಿಸಿದ ಆ ಮೇಡಂ, ತನ್ನ ವಾರದ ಒಂದೇ ರಜೆಯನ್ನು ನಮಗೆ ಕೊಟ್ಟ ಜುಲೇಖಾ, ನಾನು ಸುಮ್ಮನಿದ್ದಾಗ ಮಾತಾಡಿದ ಕಮಲಿ, ಈ ಮೂವರ ಋಣ ನನ್ನ ಮೇಲಿದೆ.

ದೊಡ್ಡವರಾದ ಮೇಲೆ ನೀವು ಎಂಥೆಂಥದೋ ಅಂಕಿಅಂಶ ನೋಡುತ್ತೀರಿ. ಅದನ್ನು ಹಳಿಯಬೇಡಿ, ಕುರುಡಾಗಿ ನಂಬಲೂ ಬೇಡಿ. ಎಣಿಸುವ ಹೊತ್ತಿಗೆ ಜನ ಎಲ್ಲಿದ್ದರು ಎಂದು ಮೊದಲು ಕೇಳಿ. ನನ್ನ ನಿವೃತ್ತಿಯ ದಿನದವರೆಗೂ ಬಸುರಿಯರು ತವರಿಗೆ ಹೋಗುತ್ತಲೇ ಇದ್ದರು. ಅವರ ಹೆಸರಿನ ಪಕ್ಕ ನಾನು ಪೆನ್ಸಿಲಿನಲ್ಲಿ ಬರೆಯುತ್ತಿದ್ದುದು ಒಂದೇ ಮಾತು: ಬರುತ್ತಾಳೆ.