ಕೆರೆಗೆ ಕುಡಿಸಿದ ಮಾತ್ರೆ

ನಮ್ಮ ಅಮ್ಮ ದೊಡ್ಡಬಳ್ಳಾಪುರದ ಕೆರೆಗೆ ಔಷಧಿ ಕುಡಿಸಿದಳು. ಕೆರೆಗೇನು ಜ್ವರ ಬಂದಿತ್ತೇ ಎಂದು ನೀವು ಕೇಳಬಹುದು. ಜ್ವರ ಬಂದದ್ದು ನನ್ನ ಹೆಂಡತಿ ಕಮಲಳಿಗೆ.

ನ್ಯುಮೋನಿಯಾ. ಡಾಕ್ಟರು ಸಲ್ಫಾ ಮಾತ್ರೆ ಕೊಟ್ಟು, ಒಂದೂ ಬಿಡದೆ ನುಂಗಬೇಕು ಎಂದಿದ್ದರು. ಮೂರನೇ ದಿನಕ್ಕೆ ಜ್ವರ ಇಳಿಯಿತು. ಕಮಲ ಎದ್ದು ಕೂತು ಹುಣಿಸೆ ಗೊಜ್ಜು ಕೇಳಿದಳು. ಇನ್ನೇನು ಬೇಕು? ಕಾಯಿಲೆ ಹೋದ ಮೇಲೂ ಮದ್ದು ಮನೆಯಲ್ಲಿದ್ದರೆ ಅದು ಮತ್ತೆ ಕಾಯಿಲೆಯನ್ನೇ ಕರೆಯುತ್ತದೆ ಎಂಬುದು ಅಮ್ಮನ ಶಾಸ್ತ್ರ. ಮಿಕ್ಕ ಮಾತ್ರೆಗಳನ್ನು ಅರೆದು ಕೆರೆಗೆ ಬಿಟ್ಟು ಕೈಮುಗಿದಳು. (ನಾನೂ ಜೊತೆಗಿದ್ದೆ. ಊರಿಗೆಲ್ಲ ಮೇಷ್ಟ್ರು ಬೇರೆ!)

ಇಳಿಹೊತ್ತು. ಬಿಳಿ ಪುಡಿ ನೀರಿನ ಮೇಲೆ ಸುಮ್ಮನೆ ಹರಡಿಕೊಂಡಿತು. ಆಚೆ ದಡದಲ್ಲಿ ನೇಕಾರರು ನೂಲು ಜಾಲಿಸುತ್ತಿದ್ದರು. ಎಮ್ಮೆಗಳು ಕಣ್ಣು ಮುಚ್ಚಿ ಮುಳುಗಿದ್ದವು. ನನಗೂ ಹಾಗೇ ಮಂಪರು. ಕಮಲ ಬದುಕಿದಳಲ್ಲ ಎಂಬ ಸಮಾಧಾನಕ್ಕೆ ಇಡೀ ಕೆರೆಯೇ ಚೆಂದ ಕಂಡಿತು.

ವಾರ ಕಳೆಯಲಿಲ್ಲ, ಜ್ವರ ತಿರುಗಿ ಬಂತು. ಅದೇ ಮಾತ್ರೆ ಮತ್ತೆ ತಂದು ಕೊಟ್ಟರೂ ಇಳಿಯಲೊಲ್ಲದು. ಡಾಕ್ಟರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಹಾವನ್ನ ಅರ್ಧ ಹೊಡ್ದು ಬಿಟ್ಬಿಟ್ರಿ ಮೇಷ್ಟ್ರೇ," ಎಂದರು. "ಉಳ್ಕೊಂಡಿರೋ ರೋಗದ ಹುಳಕ್ಕೆ ಈಗ ಮಾತ್ರೆ ಅಭ್ಯಾಸ ಆಗ್ಬಿಟ್ಟಿದೆ."

ಕೆರೆಯ ಹುಳಕ್ಕೂ ಅಭ್ಯಾಸವಾಗುತ್ತದೆಯೇ ಎಂದು ಕೇಳಿದೆ. ಅದು ತಮಗೂ ಗೊತ್ತಿಲ್ಲ ಎಂದರು.

ಯುದ್ಧದ ಕಾಲದಲ್ಲಿ ಸಿಪಾಯಿಗಳಿಗಷ್ಟೇ ಸಿಗುತ್ತಿದ್ದ ಪೆನಿಸಿಲಿನ್ ಈಗ ಬೆಂಗಳೂರಿಗೂ ಬಂದಿದೆ. (ಅಮ್ಮನ ಬಾಯಲ್ಲಿ ಅದು ಪೆನ್ಸಿಲ್ ನೀರು.) ಹೇಗೋ ತರಿಸಿದೆವು. ಮೂರು ಗಂಟೆಗೊಂದು ಸೂಜಿ. ಕಮಲಳ ಕೈ ಹಿಡಿದು ಕೂತವನಿಗೆ ತೂಕಡಿಕೆಯಲ್ಲೂ ಕೆರೆಯೇ ಕಾಣುತ್ತಿತ್ತು. ತಳದ ಕೆಸರಿನಲ್ಲಿ, ಕಣ್ಣಿಗೆ ಬೀಳದ ಹುಳಗಳು ಸಾಲಾಗಿ ಕೂತು ಮಗ್ಗಿ ಒಪ್ಪಿಸುತ್ತಿದ್ದವು. ನನ್ನ ಕ್ಲಾಸಿನ ಹುಡುಗರಿಗಿಂತ ಬೇಗ ಕಲಿಯುತ್ತಿದ್ದವು. ಅದೇ ನೀರಿನಲ್ಲಲ್ಲವೇ ಊರು ಮೀಯುವುದು?

ಕಮಲ ಉಳಿದಳು. ಮೊನ್ನೆ ಮತ್ತೆ ಗೊಜ್ಜು ಕೇಳಿದಾಗ ನಾನು ಅತ್ತೇಬಿಟ್ಟೆ. ಆದರೂ ಡಾಕ್ಟರು ಹೇಳಿದ ಕೊನೆಯ ಸೂಜಿಯವರೆಗೂ ಬಿಡಲಿಲ್ಲ.

ಔಷಧಿಯ ಪುಟ್ಟ ಸೀಸೆ ಕುಂಕುಮಕ್ಕೆ ಚೆನ್ನಾಗಿದೆಯೆಂದು ಅಮ್ಮ ತೊಳೆದಿಟ್ಟುಕೊಂಡಳು. ತೊಳೆದ ನೀರನ್ನು ಚೊಂಬಿನಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು. ಕೆರೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮೇಷ್ಟ್ರಿಗೆ ಉತ್ತರ ಗೊತ್ತಿರಬೇಕಲ್ಲವೇ?

"ಇದನ್ನ ಎಲ್ಲಿ ಚೆಲ್ಲಲೋ?"